ನಮ್ಮ ಬಾಗಿಲೆದುರಿನ ಖಾಲಿ ಜಾಗ

ನಾನು ಬೆಳೆದ ಊರಿನಲ್ಲಿ ಎಷ್ಟು ಜನರಿದ್ದರು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ನಾಲಗೆ ತಡವರಿಸುತ್ತದೆ. ಲೆಕ್ಕಕ್ಕೆ ಸಿಗದಷ್ಟು ದೊಡ್ಡ ಊರೇನಲ್ಲ. ಸೌದಿ ಅರೇಬಿಯಾದ ತಬೂಕ್‌ ನಗರದಿಂದ ಹೊರಟು ಕಾರಿನಲ್ಲಿ ಒಂದು ನಿದ್ದೆ ಮುಗಿಸಿ ಎದ್ದರೆ ಸಿಗುತ್ತಿತ್ತು. ಒಂದು ಪೆಟ್ರೋಲ್ ಬಂಕು, ಒಂದು ಮಸೀದಿ, ಹುಡುಗರಿಗೊಂದು ಹುಡುಗಿಯರಿಗೊಂದು ಶಾಲೆ, ಮತ್ತೆ ಇದ್ದದ್ದು ಒಂದೇ ಬೀದಿ. ಈ ತುದಿಯಲ್ಲಿ ಯಾರಾದರೂ ಸೀನಿದರೆ ಆ ತುದಿಯ ಮನೆಯವರು ಹರಸುತ್ತಾರೆ ಎಂದು ಬಾಪ, ಅಂದರೆ ನನ್ನ ತಂದೆ, ತಮಾಷೆ ಮಾಡುತ್ತಿದ್ದರು. ನನ್ನ ತಡವರಿಕೆಗೆ ಕಾರಣ ಬೇರೆ. ನಮ್ಮ ಮನೆಯನ್ನು ಸೇರಿಸಿ ಹೇಳಬೇಕೋ, ಬಿಟ್ಟು ಹೇಳಬೇಕೋ ಎಂದು ಗೊತ್ತಾಗುವುದಿಲ್ಲ. ಒಮ್ಮೆ ಶಾಲೆಯಲ್ಲಿ ಅಬ್ಲಾ, ಅಂದರೆ ನಮ್ಮ ಟೀಚರ್, ಬೀದಿಯ ಮನೆಗಳನ್ನು ಎಣಿಸಿ ಹೇಳಲು ನನ್ನನ್ನೇ ಎಬ್ಬಿಸಿದ್ದರು. ಬೆರಳು ಮಡಚಿ ಮಡಚಿ ಎಣಿಸಿ ಹೇಳಿದೆ. ಪಕ್ಕದ ಹುಡುಗಿ ಖಿಲ್ಲನೆ ನಕ್ಕು, "ಅಬ್ಲಾ, ಇವಳು ಇವಳ ಮನೆಯನ್ನೇ ಬಿಟ್ಟಳು!" ಎಂದಳು. ನನಗೆ ಲೆಕ್ಕ ಬರುವುದಿಲ್ಲ ಎಂದು ಅಬ್ಲಾ ತಿಳಿದುಕೊಂಡರು. ನನಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಮನೆಯಲ್ಲಿ ಕಲಿಸಿದಂತೆ ಎಣಿಸಿದ್ದೆ, ಅಷ್ಟೇ.

ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಸಣ್ಣ ಊರಿನ ಹೆಸರು ಬರೆದರೆ ಅದು ಅಲ್ಲಿನ ಒಬ್ಬೊಬ್ಬರ ಹೆಸರನ್ನೂ ಬರೆದ ಹಾಗೆ, ಮತ್ತು ಅವರಲ್ಲಿ ಯಾರಿಗೂ ಮುಖ ತೋರಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬಾಪ ಅಲ್ಲಿನ ದೊಡ್ಡ ಫಾರ್ಮ್ ಒಂದರಲ್ಲಿ ನೀರಿನ ಯಂತ್ರಗಳ ಮೆಕ್ಯಾನಿಕ್. ಮರುಭೂಮಿಯ ನಡುವೆ ದುಂಡಗಿನ ಹಸಿರು ಹೊಲಗಳು, ಅವುಗಳ ಮೇಲೆ ಎತ್ತರದ ಚಕ್ರಗಳಲ್ಲಿ ಮೆಲ್ಲ ಮೆಲ್ಲನೆ ಸುತ್ತುತ್ತಾ ನೀರು ಚಿಮುಕಿಸುವ ಉದ್ದನೆಯ ಪೈಪುಗಳು. ಅವುಗಳಲ್ಲಿ ಒಂದು ಚಕ್ರ ಹೂತುಹೋದರೂ ಬಾಪನಿಗೆ ಫೋನ್ ಬರುತ್ತಿತ್ತು. ಅವರು ಓದಿದ್ದು ಮಂಗಳೂರಿನಲ್ಲಿ ಐಟಿಐ. ಆದರೆ ಊರವರು ಅವರನ್ನು 'ಮುಹಂದಿಸ್' ಎಂದೇ ಕರೆಯುತ್ತಿದ್ದರು, ಅಂದರೆ ಇಂಜಿನಿಯರ್. ಯಾರೋ ಒಬ್ಬರು ಮರ್ಯಾದೆಗೆಂದು ಕರೆದದ್ದು ಎಲ್ಲರ ಬಾಯಲ್ಲೂ ಉಳಿದಿತ್ತು. ಬಾಪ ಅದನ್ನು ತಿದ್ದಲಿಲ್ಲ. ತಿದ್ದದೆ ಉಳಿದದ್ದರ ಭಾರವನ್ನು ಮಾತ್ರ ದಿನವೂ ಹೊತ್ತರು. ಬೀದಿಯಲ್ಲಿ ಯಾರಾದರೂ "ಯಾ ಮುಹಂದಿಸ್!" ಎಂದು ಕೂಗಿದರೆ ನಗುತ್ತಾ ಕೈ ಎತ್ತುತ್ತಿದ್ದರು. ಮನೆಯೊಳಗೆ ಬಂದ ಮೇಲೆ ನಗು ಇಳಿದು ಮುಖ ಸಣ್ಣದಾಗುತ್ತಿತ್ತು. ಎಲ್ಲಿ ಯಾರು ಸರ್ಟಿಫಿಕೇಟ್ ಕೇಳುತ್ತಾರೋ ಎಂಬಂತೆ ಇದ್ದರು. ಆ ಊರಿನಲ್ಲಿ ಇದ್ದಷ್ಟು ಕಾಲವೂ ಯಾರೂ ಕೇಳಲಿಲ್ಲ.

ಮನೆ ಫಾರ್ಮ್‌ನವರು ಕೊಟ್ಟದ್ದು. ಬೀದಿಯ ಎಲ್ಲ ಮನೆಗಳ ಹಾಗೆ ಅದಕ್ಕೂ ಎರಡು ಬಾಗಿಲು. ಒಂದು ಹೆಂಗಸರು ಮಕ್ಕಳು ಓಡಾಡುವ ಬಾಗಿಲು. ಇನ್ನೊಂದು ನೇರ ಬೀದಿಗೆ ತೆರೆಯುವ ಮಜ್ಲಿಸ್‌ನದ್ದು. ಗಂಡಸರು ಬಂದು ಕೂತು ಕಾಫಿ ಕುಡಿದು ಹೋಗುವ ಕೋಣೆ ಅದು. ಆ ಬೀದಿಯಲ್ಲಿ ಮಜ್ಲಿಸ್‌ನ ಬಾಗಿಲು ಮುಚ್ಚಿದರೆ ಆ ಮನೆಯಲ್ಲಿ ಸಾವಾಗಿದೆ, ಇಲ್ಲವೇ ಜಗಳವಾಗಿದೆ ಎಂದರ್ಥ. ನಮ್ಮದು ವರ್ಷವಿಡೀ ಮುಚ್ಚಿರುತ್ತಿತ್ತು. ಒಳಗೆ ನೆಲಕ್ಕೆ ಹಾಸಲು ರತ್ನಗಂಬಳಿಯೂ ಇರಲಿಲ್ಲ. ಇದ್ದದ್ದು ರಟ್ಟಿನ ಪೆಟ್ಟಿಗೆಗಳು. ಊರಿಗೆ ಕೊಂಡುಹೋಗಬೇಕಾದ ಕಂಬಳಿ, ಮಿಕ್ಸಿ, ಅಜ್ಜಿಗೆ ಟೈಗರ್ ಬಾಮ್, ಮಾವಂದಿರಿಗೆ ಟಾರ್ಚು, ಯಾರ ಮದುವೆಗೋ ತೆಗೆದಿಟ್ಟ ಡಿನ್ನರ್ ಸೆಟ್ಟು. ಪ್ರತಿ ರಜೆಗೂ ಅದರಲ್ಲಿ ಕೆಲವು ಹೋಗುತ್ತಿದ್ದವು, ಅದಕ್ಕಿಂತ ಹೆಚ್ಚು ಬಂದು ಸೇರುತ್ತಿದ್ದವು. ನಾನು ಹುಟ್ಟಿದಾಗಿನಿಂದ ನಾವು ಹೊರಡುತ್ತಲೇ ಇದ್ದೆವು. ಅತಿಥಿಗಳನ್ನು ಕೂರಿಸಬೇಕಾದ ಕೋಣೆಯಲ್ಲಿ ನಮ್ಮ ಹೊರಡುವಿಕೆ ಕೂತಿತ್ತು.

ಉಮ್ಮ, ಅಂದರೆ ನನ್ನ ತಾಯಿ, ಕನ್ನಡ ಶಾಲೆಯಲ್ಲಿ ಕಲಿತವಳು. ನನಗೆ ಅಕ್ಷರ ಕಲಿಸಿದ್ದು ಅವಳೇ, ಫಾರ್ಮ್‌ನ ಪೀಚ್ ಹಣ್ಣಿನ ಪೆಟ್ಟಿಗೆಗಳ ರಟ್ಟನ್ನು ಹರಿದು, ಅದರ ಹಿಂಬದಿಯಲ್ಲಿ. ಹೀಗಾಗಿ ನನಗೆ ಕನ್ನಡದ 'ಅ' ಈಗಲೂ ಸ್ವಲ್ಪ ಹಣ್ಣಿನ ವಾಸನೆ ಹೊಡೆಯುತ್ತದೆ. ಮನೆಯಲ್ಲಿ ನಾವು ಬ್ಯಾರಿ, ಕನ್ನಡ ಎರಡನ್ನೂ ಕಲಸಿ ಆಡುತ್ತಿದ್ದೆವು. ಹೊರಗೆ ಉಮ್ಮನಿಗೆ ಮಾತೇ ಇರಲಿಲ್ಲ. ಬಟ್ಟೆ ಒಣಗಿಸಲು ಟೆರೇಸ್‌ಗೆ ಹೋದವಳು ಪಕ್ಕದ ಅಂಗಳದಲ್ಲಿ ಹೆಂಗಸರು ನಗುವುದನ್ನು ಕೇಳುತ್ತಾ, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದೇ ನಿಂತುಬಿಡುತ್ತಿದ್ದಳು. ಒಮ್ಮೊಮ್ಮೆ ಅವರ ನಗೆಯ ಅರ್ಥವೇ ಗೊತ್ತಾಗದೆ ತಾನೂ ನಗುತ್ತಿದ್ದಳು. ನಾನು ಅದನ್ನು ನೋಡಿದೆನೆಂದು ಗೊತ್ತಾದರೆ ಬಟ್ಟೆ ಕೊಡವುವ ನೆಪ ಮಾಡುತ್ತಿದ್ದಳು.

ರಮಝಾನ್ ಹಬ್ಬದ ಬೆಳಿಗ್ಗೆ ಆ ಊರಿನಲ್ಲಿ ಯಾರೂ ಮನೆಯೊಳಗೆ ಉಣ್ಣುವುದಿಲ್ಲ. ನಮಾಝ್ ಮುಗಿಸಿ ಬಂದ ಗಂಡಸರು ಬೀದಿಯುದ್ದಕ್ಕೂ ಜಮಖಾನೆ ಹಾಸುತ್ತಾರೆ. ಪ್ರತಿ ಮನೆಯವರೂ ತಮ್ಮ ಒಲೆಯಲ್ಲಿ ಬೇಯಿಸಿದ್ದನ್ನು ದೊಡ್ಡ ತಟ್ಟೆಯಲ್ಲಿ ತುಂಬಿ ತಂದು, ತಮ್ಮ ತಮ್ಮ ಬಾಗಿಲ ಎದುರಿಗೇ ಇಡುತ್ತಾರೆ. ಆಮೇಲೆ ಎಲ್ಲರೂ ಬೀದಿಯ ಮೇಲಿನ ತುದಿಯಿಂದ ಕೆಳಗಿನವರೆಗೆ ತಟ್ಟೆಯಿಂದ ತಟ್ಟೆಗೆ ಸರಿಯುತ್ತಾ, ಎಲ್ಲ ಮನೆಗಳದ್ದನ್ನೂ ತಿನ್ನುತ್ತಾರೆ. ನಾವು ಮಾತ್ರ ಆ ಬೆಳಿಗ್ಗೆ ಮನೆಯಲ್ಲಿ ಇಲ್ಲದವರ ಹಾಗೆ ಇರುತ್ತಿದ್ದೆವು. ಬಾಪ ನಮಾಝ್ ಮುಗಿದ ಕೂಡಲೇ ಹಿಂದಿನ ಗಲ್ಲಿಯಿಂದ ಓಡೋಡಿ ಬಂದು ಚಿಲಕ ಹಾಕುತ್ತಿದ್ದರು. ಕರ್ಟನ್ ಎಳೆದು, ಏಸಿ ಆರಿಸುತ್ತಿದ್ದರು. ಏಸಿ ಓಡಿದರೆ ಹೊರಗಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತದಲ್ಲ, ಒಳಗೆ ಜನ ಇದ್ದಾರೆಂದು ಬೀದಿಗೆ ಗೊತ್ತಾಗುತ್ತದೆ. ಆ ವರ್ಷಗಳಲ್ಲಿ ಹಬ್ಬ ಬೇಸಿಗೆಗೇ ಬರುತ್ತಿತ್ತು. ಹೊಸ ಫ್ರಾಕ್ ತೊಟ್ಟು, ಬೆವರಿನಲ್ಲಿ ನೆನೆದು, ನಾನು ಶಾವಿಗೆ ಪಾಯಸವನ್ನು ಚಮಚದ ಸದ್ದಾಗದಂತೆ ತಿನ್ನುತ್ತಿದ್ದೆ. ಈಗ ಯೋಚಿಸಿದರೆ ನಗು ಬರಬೇಕು. ಇಡೀ ಊರಿಗೆ ನಾವು ಒಳಗಿದ್ದೇವೆಂದು ಗೊತ್ತಿತ್ತು, ಬಾಪನ ಕಾರು ಹೊರಗೇ ನಿಂತಿರುತ್ತಿತ್ತು.

ಬರಬೇಡಿ ಎಂದು ನಮಗೆ ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಹೇಳಿರಲಿಲ್ಲ. ಬಾಪನ ಬಳಿ ಇದ್ದ ಸಾಕ್ಷಿ ಬೇರೆ. ಕಿಟಕಿಯ ಸಂದಿಯಿಂದ ನೋಡಿದರೆ ಜಮಖಾನೆಗಳ ಸಾಲು ಪಕ್ಕದ ಮನೆಯವರೆಗೆ ಬಂದು ನಿಲ್ಲುತ್ತಿತ್ತು. ನಮ್ಮ ಬಾಗಿಲ ಎದುರು ಒಂದು ಜಮಖಾನೆಯಷ್ಟು ಬರಿಯ ನೆಲ. ಅದನ್ನು ದಾಟಿ, ಬೀದಿಯ ಕೊನೆಯಲ್ಲಿದ್ದ ಮಿಸ್ರಿ, ಅಂದರೆ ಈಜಿಪ್ಟಿನ, ಮಾಸ್ತರರ ಮನೆಯೆದುರು ಮತ್ತೆ ಜಮಖಾನೆ.

"ನೋಡು ಮೈಮುನಾ, ನಮ್ಮ ಬಾಗಿಲ ಮುಂದೆ ಕೂತುಕೊಳ್ಳುವುದು ಸಹ ಬೇಡ ಅವರಿಗೆ" ಎನ್ನುತ್ತಿದ್ದರು ಬಾಪ ಉಮ್ಮನಿಗೆ. "ಮಿಸ್ರಿಗಳು ಆದೀತು, ನಾವಾಗ್ಲಿಕ್ಕಿಲ್ಲ. ಎಂತ ಮಾಡುವುದು? ನಾವು ಕೆಲಸಕ್ಕೆ ಬಂದವರು. ನಮ್ಮ ಲೆಕ್ಕದಲ್ಲಿ ನಾವಿರಬೇಕು."

ಉಮ್ಮ ಅವರೆಲ್ಲ ಎದ್ದು ಹೋಗುವವರೆಗೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಪಕ್ಕದ ಮನೆ ಅಬೂ ಸಾಲಿಮ್‌ನದ್ದು. ಊರಿಗೇ ಹಿರಿಯ. ಅವನ ಹೆಂಡತಿ ಉಮ್ಮು ಸಾಲಿಮ್, ಕೈತುಂಬ ಮೆಹಂದಿಯ, ದೊಡ್ಡ ದನಿಯ ಹೆಂಗಸು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ರಮಝಾನ್‌ನ ಒಂದು ಸಂಜೆ ಅವಳು ಗೋಧಿಯ ಹರೀಸ್ ತುಂಬಿದ ಪಾತ್ರೆ ಹಿಡಿದುಕೊಂಡು ತಾನೇ ನಮ್ಮ ಅಡುಗೆಮನೆಗೆ ಬಂದಳು. ಕೂತಳು. ಏನೋ ಕೇಳಿದಳು. ಉಮ್ಮ ನನ್ನ ಮುಖ ನೋಡಿದಳು, ಏಕೆಂದರೆ ಹೊರಗಿನವರ ಮಾತನ್ನು ಅವಳಿಗೆ ದಾಟಿಸುವವಳು ನಾನೇ.

"ಎಂತಂತೆ ಮೋಳೇ?"

"ಪ್ರತಿ ಹಬ್ಬಕ್ಕೂ ನಿಮ್ಮ ತಟ್ಟೆ ಇಡ್ಲಿಕ್ಕೆ ಜಾಗ ಬಿಡ್ತೇವಂತೆ. ಅಲ್ಲಿ ಬೇರೆ ಯಾರನ್ನೂ ಕೂತುಕೊಳ್ಳಲು ಅಬೂ ಸಾಲಿಮ್ ಬಿಡುವುದಿಲ್ಲವಂತೆ. ನೀವು ಯಾಕೆ ಬರುವುದಿಲ್ಲ ಕೇಳ್ತಾರೆ. ನಮ್ಮ ಕೈಯ ಊಟ ನಿಮಗೆ ಮನಸ್ಸಿಗೆ ಬರುವುದಿಲ್ವಾ ಅಂತ."

ಉಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕುತ್ತಿಗೆಯಿಂದ ಮೇಲಕ್ಕೆ ಕೆಂಪೇರುತ್ತಾ ಬಂದದ್ದನ್ನು ನಾನು ನೋಡಿದೆ. ಅವಳು ಉಮ್ಮು ಸಾಲಿಮ್‌ಳ ಎರಡೂ ಕೈ ಹಿಡಿದು, "ಈ ಸಲ ಬರ್ತೇವೆ ಹೇಳು, ಖಂಡಿತ ಬರ್ತೇವೆ ಹೇಳು" ಎಂದು ನನಗೆ ಮತ್ತೆ ಮತ್ತೆ ಹೇಳಿದಳು. ನಾನು ಹೇಳುವ ಮೊದಲೇ ಆ ಹೆಂಗಸಿಗೆ ಅರ್ಥವಾಗಿತ್ತು.

ಬಾಪ ಮೊದಲು ನಂಬಲಿಲ್ಲ. "ಅದು ಸುಮ್ಮನೆ ಬಾಯಿಮಾತಿಗೆ ಹೇಳುವುದು" ಎಂದರು. ಆಮೇಲೆ ನನ್ನ ಮೇಲೆ ರೇಗಿದರು, ನನಗೆ ಅರಬಿ ಸರಿಯಾಗಿ ತಿಳಿದಿಲ್ಲ ಎಂದರು. ಆಮೇಲೆ ಊಟ ಬಿಟ್ಟು ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಬಾಗಿಲ ಎದುರಿನ ಆ ನೆಲದಲ್ಲಿ ಸೊಂಟಕ್ಕೆ ಕೈ ಇಟ್ಟುಕೊಂಡು, ಕೆಟ್ಟ ಯಂತ್ರದ ಮುಂದೆ ನಿಲ್ಲುವ ಹಾಗೆ ನಿಂತಿದ್ದರು. ಅಷ್ಟು ಹಬ್ಬಗಳ ಕಾಲ ಆ ಜಾಗ ನಮಗಾಗಿ ಕಾದಿತ್ತು, ನಾವು ಒಳಗೆ ಏಸಿ ಆರಿಸಿ ಕೂತು ಅವರನ್ನು ದೂರುತ್ತಿದ್ದೆವು. ನನಗೆ ನಾಚಿಕೆ ಎಂದರೇನೆಂದು ಗೊತ್ತಾದದ್ದು ಆವತ್ತು. ಅದರ ಪೂರ್ತಿ ರುಚಿ ಮಾತ್ರ ಇನ್ನೂ ಬಾಕಿ ಇತ್ತು.

ಉಮ್ಮ ಉಳಿದ ಉಪವಾಸಗಳನ್ನು ಬೇರೆಯೇ ಹೆಂಗಸಾಗಿ ಕಳೆದಳು. ಬೀದಿಗೆ ತುಪ್ಪದನ್ನ ಮತ್ತು ಕುರಿಮಾಂಸದ ಸಾರು ಎಂದು ತೀರ್ಮಾನಿಸಿದಳು. ಬಾಪನ ಕೈಯಲ್ಲಿ ತಬೂಕ್‌ನಿಂದ ತೆಂಗಿನಕಾಯಿ ತರಿಸಿದಳು. ಊರಿನಿಂದ ತಂದು ಡಬ್ಬಿಯಲ್ಲಿ ಉಳಿಸಿಕೊಂಡಿದ್ದ ಮೆಣಸು ಹುರಿದಳು. ಮದುವೆಗೆಂದು ತೆಗೆದಿಟ್ಟಿದ್ದ ದೊಡ್ಡ ತಟ್ಟೆಯನ್ನು ಮಜ್ಲಿಸ್‌ನ ಪೆಟ್ಟಿಗೆ ಬಿಚ್ಚಿ ಹೊರತೆಗೆದಳು. ನಾವು ಆ ಕೋಣೆಯಿಂದ ಇಲ್ಲಿನ ಬಳಕೆಗೆಂದು ಏನನ್ನಾದರೂ ತೆಗೆದದ್ದು ಅದೇ ಮೊದಲು. ಬಾಪ ಎಲ್ಲದಕ್ಕೂ ಹೂಂ ಎಂದರು. ಮುಹಂದಿಸ್ ಎಂದು ಕರೆಯುವವರ ಮುಂದೆ ಮೆಕ್ಯಾನಿಕ್‌ನ ಮನೆಯ ಪಾತ್ರೆ ತೆರೆಯುವುದು ಅವರಿಗೆ ಎಷ್ಟು ಕಷ್ಟವೆಂದು ನಮಗೆ ಹೊಳೆಯಲಿಲ್ಲ.

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಉಮ್ಮನ ಅಡುಗೆ ಮುಗಿದಿತ್ತು. ಆಗ ಬಾಪ ಎಲ್ಲಿಂದಲೋ ಕಾರಿನಲ್ಲಿ ಬಂದರು. ಕೈಯಲ್ಲಿ ಬೆಳ್ಳಿಯ ಫಾಯಿಲ್ ಸುತ್ತಿದ ದೊಡ್ಡ ಟ್ರೇ. ಹೆದ್ದಾರಿಯಲ್ಲಿ ಯೆಮನಿಗಳ ಒಂದು ಹೋಟೆಲಿತ್ತು, ಅಲ್ಲಿಯ ಕಬ್ಸಾ, ಅರಬರ ಮಾಂಸದನ್ನ.

"ಇದೆಂತ?" ಎಂದಳು ಉಮ್ಮ.

"ಹೊರಗೆ ಇದನ್ನು ಇಡುವ. ನಿನ್ನದು ನಾವು ಮನೆಯಲ್ಲಿ ತಿನ್ನುವ."

"ನನ್ನದಕ್ಕೆ ಎಂತ ಆಗಿದೆ?"

"ಎಂತ ಆಗ್ಲಿಲ್ಲ ಮಾರಾಯ್ತಿ. ತೆಂಗಿನಕಾಯಿ ಹಾಕಿದ್ದು ಅವರಿಗೆ ಆಗುವುದಿಲ್ಲ. ಒಂದು ತುತ್ತು ತಿಂದು ಬಿಟ್ಟುಬಿಟ್ರೆ? ಅಷ್ಟು ಜನರ ಎದುರು ನಮ್ಮ ತಟ್ಟೆ ಮಾತ್ರ ಹಾಗೇ ಉಳಿದ್ರೆ ನನ್ನ ಮುಖ ಎಲ್ಲಿ ಇಡುವುದು ನಾನು?"

"ಮೊದಲೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀನು ಬಿಡ್ತಿದ್ದಿಯಾ?"

ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಫಾಯಿಲ್ ಬಿಡಿಸಿದಳು. ಹೋಟೆಲಿನ ಅನ್ನವನ್ನು ನಮ್ಮ ತಟ್ಟೆಗೆ ಸುರಿದು, ಟ್ರೇಯ ಚೌಕಾಕಾರ ಕಾಣದಂತೆ ಸೌಟಿನ ಬೆನ್ನಿನಿಂದ ದುಂಡಗೆ ಮಾಡಿದಳು. ತುಪ್ಪದನ್ನಕ್ಕೆಂದು ಹುರಿದಿಟ್ಟಿದ್ದ ಈರುಳ್ಳಿ, ಗೋಡಂಬಿಯನ್ನು ಅದರ ಮೇಲೆ ಚೆಲ್ಲಿದಳು. ಚೆನ್ನಾಗಿ ಕಾಣುವಂತೆಯೇ ಚೆಲ್ಲಿದಳು. ನನಗೆ ಬಾಪನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು ಸಿಟ್ಟು ಆ ಕ್ಷಣ ಅವಳ ಮೇಲೆ ಬಂತು.

ಬೀದಿಯಲ್ಲಿ ಗಂಡಸರು, ಹುಡುಗರು, ನನ್ನ ವಯಸ್ಸಿನವರೆಗಿನ ಹುಡುಗಿಯರು. ಹೆಂಗಸರು ಅಬೂ ಸಾಲಿಮ್‌ನ ಅಂಗಳದಲ್ಲಿ ಸೇರುತ್ತಿದ್ದರು. ತಟ್ಟೆಗಳು ಬೀದಿಯ ಸುತ್ತು ಮುಗಿಸಿ ಆ ಅಂಗಳಕ್ಕೆ ಬಂದ ಮೇಲೆ ಉಮ್ಮನೂ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಬಾಪ ತಟ್ಟೆಯನ್ನು ನಮ್ಮ ಜಾಗದಲ್ಲಿ ಇಟ್ಟಾಗ ಕೆಲವರು ಬಂದು ಅವರ ಹೆಗಲಿಗೆ ಹೆಗಲು ತಾಗಿಸಿ ಮುತ್ತಿಟ್ಟರು. ಯಾರೂ "ಇಷ್ಟು ದಿನ ಎಲ್ಲಿದ್ದೆ" ಎಂದು ಕೇಳಲಿಲ್ಲ. ಆಮೇಲೆ ಅಬೂ ಸಾಲಿಮ್ ಕೋಲೂರಿಕೊಂಡು ಬೀದಿಯ ಮೇಲಿನ ತುದಿಯಿಂದ ಶುರುಮಾಡಿದ. ನಾವು ಮುಚ್ಚಿದ ಕಿಟಕಿಯಾಚೆಯಿಂದ ವರ್ಷ ವರ್ಷವೂ ಕೇಳುತ್ತಿದ್ದ, ಯಾವುದೋ ಪ್ರಾರ್ಥನೆ ಇರಬೇಕೆಂದು ತಿಳಿದಿದ್ದ ಅವನ ಮಾತು ಏನೆಂದು ಆಗ ಗೊತ್ತಾಯಿತು. ಅವನು ಊರಿನ ಚರಿತ್ರೆ ಹೇಳುತ್ತಿದ್ದ. ಊರು ಹಳೆಯ ಬಾವಿಯ ಬಳಿ ಹುಟ್ಟಿ ಕೆಳಕ್ಕೆ ಬೆಳೆದದ್ದು. ಹೀಗಾಗಿ ಮನೆಗಳ ಸಾಲೇ ಅವರು ಬಂದ ಸಾಲು.

"ಇದು ನನ್ನ ತಂದೆಯ ತಮ್ಮಂದಿರ ಮನೆ. ಒಂಟೆ ಬಿಟ್ಟು ಮೊದಲು ಇಲ್ಲಿ ನಿಂತವರು. ಈ ಬಾವಿಯನ್ನು ಕೈಯಿಂದ ತೋಡಿದವರು. ಇದು ನೀರು ಉಪ್ಪಾದ ವರ್ಷ ಎಲ್ಲರೂ ಹೊರಟಾಗ ಹೊರಡದೆ ಉಳಿದ ಮುದುಕಿಯ ಮನೆ. ಅವಳು ಉಳಿದದ್ದಕ್ಕೆ ನಾವು ತಿರುಗಿ ಬಂದೆವು. ಇದು ಪಂಪು ಬಂದಾಗ ಬಂದವರ ಮನೆ. ಇದು ಹೆಣ್ಣುಮಕ್ಕಳ ಶಾಲೆಗೆ ತನ್ನ ಕೋಣೆ ಬಿಟ್ಟುಕೊಟ್ಟವನ ಮನೆ..."

ಒಂದೊಂದು ತಟ್ಟೆಯ ಮುಂದೆಯೂ ನಿಂತು, ಎರಡು ಮಾತು ಹೇಳಿ, ಬಗ್ಗಿ ಒಂದು ತುತ್ತು ತಿಂದು, ಮುಂದೆ ಸರಿಯುತ್ತಿದ್ದ. ಎಲ್ಲರೂ ಹಿಂದೆಯೇ ಸರಿದು ತಿನ್ನುತ್ತಿದ್ದರು. ಮಕ್ಕಳಿಗೆ ಬಾಯಿಪಾಠವಾಗಿತ್ತು, ಅವನು ಮರೆತರೆ ಅವರು ಕೂಗಿ ಹೇಳುತ್ತಿದ್ದರು. ನಮ್ಮ ತಟ್ಟೆಯ ಹತ್ತಿರ ಬಂದಾಗ ನಾನು ಬಾಪನ ಪಕ್ಕಕ್ಕೆ ಸರಿದೆ.

"ಇದು ಮುಹಂದಿಸ್‌ನ ಮನೆ" ಎಂದ ಅಬೂ ಸಾಲಿಮ್. "ಸಮುದ್ರದ ಕಡೆಯ ಜನ. ಇವನು ಬಂದ ಮೇಲೆ ನಮ್ಮ ಹೊಲ ಒಮ್ಮೆಯೂ ಒಣಗಲಿಲ್ಲ. ಇವರ ಒಲೆಯ ರುಚಿ ನಾವು ಇನ್ನೂ ನೋಡಿಲ್ಲ. ಬಿಸ್ಮಿಲ್ಲಾ."

ಅವನು ತಿಂದ. ಬಾಪ ಅವನ ಗಡ್ಡದ ಅಲುಗಾಟವನ್ನೇ ನೋಡುತ್ತಿದ್ದರು. ಅವನ ಹಿಂದೆ ಇದ್ದವನು ನೀರಿನ ಟ್ಯಾಂಕರ್ ಓಡಿಸುವ ಹಮೂದ್, ಊರಿಗೇ ಗೊತ್ತಿದ್ದ ತಿಂಡಿಪೋತ. ಅವನು ಒಂದು ಹಿಡಿ ಬಾಯಿಗಿಟ್ಟು, ಎರಡು ಸಲ ಅಗಿದು, ಹೊಟ್ಟೆ ಕುಲುಕಿಸಿ ನಕ್ಕ.

"ವಲ್ಲಾಹಿ, ಇದು ಹೆದ್ದಾರಿಯ ಯೆಮನಿಯ ಅನ್ನ! ಮೊನ್ನೆ ತಾನೇ ತಿಂದಿದ್ದೇನೆ!"

ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ, ಹಬ್ಬದ ನಗು. ಬಾಪನೂ ಜೊತೆಗೆ ನಕ್ಕುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಬೂ ಸಾಲಿಮ್ ನಗಲಿಲ್ಲ. ಹತ್ತಿರ ಬಂದು, ಗುಟ್ಟು ಕೇಳುವವನ ಹಾಗೆ ದನಿ ತಗ್ಗಿಸಿ, "ನಿನ್ನ ಮನೆಯ ಒಲೆಗೆ ಏನಾಯಿತು ಮಗನೇ?" ಎಂದ.

ಬಾಪನಿಗೆ ಇದ್ದ ಅರಬಿಯೇ ಅಷ್ಟು. ಅದರಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು.

"ಮದಾಮ್ ಮರೀದ್" ಎಂದರು. ಹೆಂಡತಿಗೆ ಕಾಯಿಲೆ.

ನಗು ಒಮ್ಮೆಲೇ ನಿಂತಿತು. ಹಮೂದ್ ಬಾಯಲ್ಲಿದ್ದದ್ದನ್ನು ನುಂಗಲಾರದೆ ನಿಂತ. ಅಬೂ ಸಾಲಿಮ್ ಕೋಲನ್ನು ನೆಲಕ್ಕೆ ಕುಟ್ಟಿ, ಪಕ್ಕದ ಮನೆಯಲ್ಲಿ ಹೆಂಗಸು ಕಾಯಿಲೆ ಬಿದ್ದದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ತನ್ನ ಅಂಗಳದ ಕಡೆ ತಿರುಗಿ ಕೂಗಿದ, ಎಲ್ಲರೂ ಹೋಗಿ ಮುಹಂದಿಸ್‌ನ ಮನೆಯವಳನ್ನು ನೋಡಿ ಬನ್ನಿ ಎಂದು. ಕಾಯಿಲೆಯವರನ್ನು ನೋಡದೆ ಆ ಊರಿನಲ್ಲಿ ಯಾರೂ ಹಬ್ಬ ಮುಂದುವರಿಸುವುದಿಲ್ಲ. ಬಾಪ ನನ್ನ ಕಡೆಗೆ ಬಗ್ಗಿ ನಮ್ಮ ಭಾಷೆಯಲ್ಲಿ, "ಓಡು ಮೋಳೇ, ಉಮ್ಮನಿಗೆ ಮಲಗ್ಲಿಕ್ಕೆ ಹೇಳು" ಎಂದರು.

ಉಮ್ಮ ಸ್ನಾನ ಮುಗಿಸಿ, ಹೊಸ ಬಟ್ಟೆ ಉಟ್ಟು, ಕಣ್ಣಿಗೆ ಸುರ್ಮ ಹಚ್ಚಿಕೊಂಡು, ಅಂಗಳಕ್ಕೆ ಹೊರಡಲು ತಯಾರಾಗಿ ನಿಂತಿದ್ದಳು. ಒಲೆಯ ಮೇಲೆ ತುಪ್ಪದನ್ನದ ದೊಡ್ಡ ಪಾತ್ರೆ. ನಾನು ಹೇಳಿದ್ದು ಕೇಳಿ ಅವಳು ಪ್ರಶ್ನೆಯನ್ನೇ ಕೇಳಲಿಲ್ಲ. ಗೇಟಿನ ಸದ್ದಾಯಿತು. ಪಾತ್ರೆಯನ್ನು ಕೆಳಗಿಳಿಸಿ, ಸ್ಲಾಬಿನ ಅಡಿಗೆ ತಳ್ಳಿ, ಬಟ್ಟೆ ನೆನೆಸುವ ಟಬ್ಬನ್ನು ಅದರ ಮೇಲೆ ಬೋರಲು ಹಾಕಿದಳು. ಕೋಣೆಗೆ ಓಡಿ, ಹೊಸ ಬಟ್ಟೆಯ ಮೇಲೆಯೇ ಹೊದಿಕೆ ಎಳೆದುಕೊಂಡು ಮಲಗಿದಳು. ಸೆರಗಿನ ತುದಿಯಿಂದ ಸುರ್ಮವನ್ನು ಒರೆಸಲು ಹೋಗಿ ಮುಖಕ್ಕೆಲ್ಲ ಬಳಿದುಕೊಂಡಳು. ಅದರಿಂದಾಗಿ ನಿಜವಾಗಿಯೂ ಕಾಯಿಲೆಯವಳ ಹಾಗೆ ಕಂಡಳು.

ಹೆಂಗಸರು ಕೋಣೆ ತುಂಬಿದರು. ಮನೆಯಿಡೀ ಘಮಘಮ. ತುಪ್ಪ, ಲವಂಗ, ಹುರಿದ ಈರುಳ್ಳಿ, ತೆಂಗಿನಕಾಯಿಯ ಸಾರು. ಟಬ್ಬಿನ ಅಡಿಯಿಂದ, ಬಾಗಿಲ ಸಂದಿಯಿಂದ ಅದು ಬರುತ್ತಲೇ ಇತ್ತು. ಯಾರೊಬ್ಬರೂ ಮೂಗು ಅರಳಿಸಲಿಲ್ಲ. ಯಾರೊಬ್ಬರೂ ಅಡುಗೆಮನೆಯ ಕಡೆ ತಿರುಗಿ ನೋಡಲಿಲ್ಲ. ನೀರು ಬೇಕಾದಾಗಲೂ ತಾವು ಏಳದೆ, ನನ್ನನ್ನೇ ತರಲು ಕಳಿಸಿದರು. ಉಮ್ಮು ಸಾಲಿಮ್ ಹಾಸಿಗೆಯ ಅಂಚಿನಲ್ಲಿ ಕೂತು ಉಮ್ಮನ ಹಣೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಓದಿ ಊದಿದಳು. ಆಮೇಲೆ ಹೊದಿಕೆಯ ಒಳಗಿಂದ ಉಮ್ಮನ ಕೈಯನ್ನು ತೆಗೆದುಕೊಂಡಳು. ಉಗುರುಗಳಲ್ಲಿ ಅರಿಸಿನ, ಬೆರಳಲ್ಲಿ ಈರುಳ್ಳಿ. ಅವಳು ಆ ಕೈಯನ್ನು ನೋಡಿದಳು. ನೋಡಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ತನ್ನ ಮೆಹಂದಿಯ ಕೈಗಳ ಒಳಗೆ ಮುಚ್ಚಿಟ್ಟುಕೊಂಡಳು.

"ಬೇಗ ಗುಣವಾಗು ತಂಗೀ" ಎಂದಳು. "ನಿನ್ನ ಕೈಯದ್ದನ್ನು ಮುಂದಿನ ಹಬ್ಬಕ್ಕೆ ತಿನ್ನುತ್ತೇವೆ."

ನಾನು ಅದನ್ನು ಉಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅವಳ ಕಣ್ಣಿಂದ ನೀರಿಳಿಯಿತು. ನೋವು ಜಾಸ್ತಿಯಾಗಿದೆ ಎಂದು ಹೆಂಗಸರು ಮೆಲ್ಲನೆ ಎದ್ದು ಹೋದರು. ಅವರಿಗೆ ಗೊತ್ತಾಯಿತೇ ಇಲ್ಲವೇ ಎಂದು ನಾನು ಬಹಳ ಕಾಲ ನನ್ನನ್ನೇ ಕೇಳಿಕೊಂಡಿದ್ದೇನೆ. ಉಮ್ಮು ಸಾಲಿಮ್‌ಗಂತೂ ಗೊತ್ತಾಗಿತ್ತು. ಅವಳು ಅದನ್ನು ಯಾರಿಗೂ, ಗಂಡನಿಗೂ ಹೇಳಲಿಲ್ಲ ಎಂಬುದು ಆಮೇಲೆ ತಿಳಿಯಿತು. ನಮ್ಮ ಮಾನ ಉಳಿಸುವುದೆಂದರೆ ನಮ್ಮ ಸುಳ್ಳನ್ನು ಉಳಿಸುವುದು ಎಂದು ಅವಳು ತಿಳಿದಿರಬೇಕು.

ಆ ಮೇಲಿನ ದಿನಗಳಲ್ಲಿ ಪ್ರತಿ ಮನೆಯಿಂದಲೂ ಸೂಪು, ಗಂಜಿ, ಜೇನು ಬಂದವು. ಉಮ್ಮ ಮಲಗಿಯೇ ಇರಬೇಕಾಯಿತು. ಬಟ್ಟೆ ಒಣಗಿಸಲೂ ಟೆರೇಸ್‌ಗೆ ಹೋಗುವಂತಿರಲಿಲ್ಲ. ತುಪ್ಪದನ್ನದ ಪಾತ್ರೆಯನ್ನು ಬಾಪ ಅದೇ ಮಧ್ಯಾಹ್ನ ಕಾರಿನ ಡಿಕ್ಕಿಯಲ್ಲಿಟ್ಟು ಫಾರ್ಮ್‌ನ ಕೆಲಸಗಾರರ ಕ್ಯಾಂಪಿಗೆ ಕೊಂಡುಹೋಗಿದ್ದರು. ತೊಳೆದ ಖಾಲಿ ಪಾತ್ರೆಯೊಂದಿಗೆ ಬಂದರು.

"ತಿಂದ್ರಾ?" ಎಂದಳು ಉಮ್ಮ ಹಾಸಿಗೆಯಿಂದಲೇ.

"ತಿಂದ್ರು."

"ಎಂತ ಹೇಳಿದ್ರು?"

"ಎಂತ ಹೇಳುವುದು? ಹಸಿದವರು, ತಿಂದ್ರು."

ಅವಳು ಗೋಡೆಯ ಕಡೆಗೆ ಹೊರಳಿದಳು. ಆಮೇಲೆ ಅವರಿಬ್ಬರೂ ಜಗಳವಾಡಿದ್ದು ನಾನು ನೋಡಿಲ್ಲ. ಅದಕ್ಕೆ ಮೊದಲು ಆಡುತ್ತಿದ್ದರು, ಉಪ್ಪು ಹೆಚ್ಚಾಯಿತು, ಫೋನ್ ಮಾಡಲಿಲ್ಲ ಎಂದು. ಆ ಹಬ್ಬದ ನಂತರ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆಯಿಂದ ಮಾತಾಡತೊಡಗಿದರು. ನನಗೆ ಅದು ಜಗಳಕ್ಕಿಂತ ಭಯ ತಂದಿತು. ಇವತ್ತಿಗೂ ನನ್ನ ಮನೆಗೆ ಯಾರಾದರೂ ಬಂದರೆ, ಮಾಡಿದ ಅಡುಗೆಯನ್ನು ಬಡಿಸುವ ಮೊದಲು ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಗಂಡ ಗೇಲಿ ಮಾಡುತ್ತಾನೆ. ಅವನಿಗೆ ಇದನ್ನೆಲ್ಲ ನಾನು ಇನ್ನೂ ಹೇಳಿಲ್ಲ.

ಮುಂದಿನ ಹಬ್ಬಕ್ಕೆ ಮೊದಲೇ ಕುಟುಂಬವನ್ನು ಜೊತೆಗಿಟ್ಟುಕೊಳ್ಳುವ ಹೊರದೇಶದವರ ಮೇಲೆ ಅಲ್ಲಿನ ಕಾನೂನುಗಳು ಬಿಗಿಯಾದವು. ಬಾಪ ನಮ್ಮಿಬ್ಬರನ್ನು ಮುಲ್ಕಿಯ ಅಜ್ಜಿಮನೆಗೆ ಕಳಿಸಿ, ತಾವೊಬ್ಬರೇ ಉಳಿದರು. ಹೊರಡುವ ದಿನ ಉಮ್ಮು ಸಾಲಿಮ್ ಕಾರಿನ ಗಾಜಿನೊಳಗೆ ಕೈ ಹಾಕಿ ಉಮ್ಮನ ಕೆನ್ನೆ ಸವರಿದಳು. ಉಮ್ಮ ಏನೋ ಹೇಳಲು ಬಾಯಿ ತೆರೆದಳು, ನನ್ನ ಕಡೆ ತಿರುಗಿದಳು, ನಾನು ದಾಟಿಸಲು ಕಾದೆ. ಮತ್ತೆ ಬಾಯಿ ಮುಚ್ಚಿಕೊಂಡಳು. ಕಾರು ಹೊರಟಿತು.

ಆ ವರ್ಷ ಮುಲ್ಕಿಯಲ್ಲಿ ಹಬ್ಬದ ಹಿಂದಿನ ದಿನ. ಬಾಪ ಇದ್ದಲ್ಲಿ ಹಬ್ಬ ಒಂದು ದಿನ ಮೊದಲು, ಆವತ್ತು ಬೆಳಿಗ್ಗೆಯೇ ಆಗಿತ್ತು. ಉಮ್ಮ ಈರುಳ್ಳಿ ಹೆಚ್ಚುತ್ತಾ ಕೂತಿದ್ದಾಗ ಬಾಪನ ಫೋನ್ ಬಂತು. ಅವಳು ಸ್ಪೀಕರ್ ಹಾಕಿದಳು.

"ಬೀದಿಗೆ ಹೋಗಿದ್ರಾ?"

"ಹೋಗಿದ್ದೆ. ಹಿಂದಿನ ಗಲ್ಲಿಯಿಂದ ಬಂದುಬಿಡುವ ಅಂತ ಇದ್ದೆ. ಆ ಹಮೂದ್ ಕೈ ಹಿಡಿದು ಎಳ್ಕೊಂಡು ಹೋದ."

"ನಮ್ಮ ಜಾಗ?"

"ಬಿಟ್ಟಿದ್ರು. ನಾನು ಖರ್ಜೂರದ ಡಬ್ಬಿ ಇಟ್ಟೆ."

"ಅಬೂ ಸಾಲಿಮ್ ಎಂತ ಹೇಳಿದ್ರು?"

ಅಲ್ಲಿ ಏಸಿಯ ಸದ್ದು ಕೇಳುತ್ತಿತ್ತು.

"ಇದು ಮುಹಂದಿಸ್‌ನ ಮನೆ ಅಂತ ಹೇಳಿದ್ರು. ಇವನ ಮನೆಯವಳು ನಮ್ಮ ಜೊತೆ ಉಣ್ಣಲಿಕ್ಕೆ ಬಂದ ಮೊದಲನೇ ಹಬ್ಬಕ್ಕೇ ಕಾಯಿಲೆ ಬಿದ್ದಳು, ಗುಣ ಆಗದೇ ಅವಳ ಊರಿಗೆ ಹೋದಳು ಅಂತ. ಮಕ್ಕಳು ಸಹ ಅವರ ಹಿಂದೆಯೇ ಹೇಳಿದ್ರು. ಇನ್ನು ಅದು ಬಾಯಿಪಾಠ ಅವಕ್ಕೆ. ಮತ್ತೆ, ಅವಳಿಗೆ ಗುಣ ಆಗ್ಲಿ ಅಂತ ಎಲ್ಲರೂ ಕೈ ಎತ್ತಿ ಬೇಡಿ ಅಂದ್ರು. ಇಡೀ ಬೀದಿ ಎತ್ತಿತು, ಮೈಮುನಾ. ಹಮೂದ್ ಅಳ್ತಾ ಇದ್ದ."

ಉಮ್ಮ ಈಳಿಗೆಮಣೆಯಿಂದ ಎದ್ದಳು. ಅವಳಿಗೆ ಆವತ್ತು ಒಂದು ತಲೆನೋವೂ ಇರಲಿಲ್ಲ.

"ಆಗ ನೀವು ಎಂತ ಮಾಡಿದ್ರಿ?"

"ನಾನೂ ಎತ್ತಿದೆ" ಎಂದರು ಬಾಪ. "ಆಮೀನ್ ಹೇಳಿದೆ."